ನಿಬ್ಬಣದ ಗಾಡಿಯ ಕೊನೆಯ ಮಳೆಗಾಲ

ಶಿಗ್ಗಾಂವಿಯಲ್ಲಿ ಬೀಗರ ಹೊಸ ಮನೆಯ ಊಟ ಮುಗಿಸಿಕೊಂಡು ಹಾನಗಲ್ಲಿಗೆ ಮರಳುತ್ತಿದ್ದೆವು. ಬಂಕಾಪುರದ ಹತ್ತಿರ, ಹೆದ್ದಾರಿಯಿಂದ ಒಳಗೆ ಇಳಿಯುವ ಆ ಕಚ್ಚಾ ರಸ್ತೆಯ ಬಾಯಿಗೆ ಬಂದಾಗ ನಮ್ಮವರು ಬೈಕಿನ ವೇಗ ತಗ್ಗಿಸಿದರು. ಮಳೆ ಆಗಷ್ಟೇ ನಿಂತಿತ್ತು. ಹಿಂದೆ ಕುಳಿತಿದ್ದ ನನಗೆ ಕಮಾನು ಕಾಣುವುದಕ್ಕಿಂತ ಮೊದಲು ವಾಸನೆ ಬಂತು. ತೊಯ್ದ ಸಿಮೆಂಟು, ಜನರೇಟರಿನ ಡೀಸೆಲ್ಲು, ಗಿರಮಿಟ್ಟಿನ ಚುರುಮುರಿಗೆಂದು ಹೆಚ್ಚಿಟ್ಟ ಉಳ್ಳಾಗಡ್ಡಿ. ಈ ಮೂರನ್ನು ಬೇರೆಬೇರೆಯಾಗಿ ಎಲ್ಲಿ ಬೇಕಾದರೂ ಮೂಸಬಹುದು. ಮೂರೂ ಕೂಡಿ ಬಂದರೆ ಅದು ಗೊಂಬಿ ತೋಟವೇ.

“ಹೋಗೂದೇನು?” ಎಂದು ಅವರು ಹೆಲ್ಮೆಟ್ಟಿನ ಒಳಗಿಂದಲೇ ಕೇಳಿದರು.

“ನಿಮ್ಮ ಮನಸ್ಸು.”

“ನನ್ನ ಮನಸ್ಸೇನ ಕೇಳ್ತಿ? ಎರಡ ವರ್ಷ ಆತು, ಈ ರಸ್ತಾದಾಗ ಬಂದಾಗೊಮ್ಮೆ ಮಾರಿ ಆ ಕಡೆ ತಿರುವಿ ಕುಂಡ್ರತಿ. ಇವತ್ತರ ಇಳಿ.”

ಮಾರಿ ತಿರುವಿ ಕೂರುತ್ತಿದ್ದದ್ದು ನಿಜ. ಸಿಟ್ಟೇ ಅಂದರೆ ಯಾರ ಮೇಲೆ? ದುಃಖವೇ ಅಂದರೆ ಯಾರೂ ಸತ್ತಿಲ್ಲ, ಯಾರ ಕೆಲಸವೂ ಹೋಗಿಲ್ಲ. ಎರಡು ವರ್ಷದ ಹಿಂದಿನ ಆ ಮಳೆಗಾಲದಲ್ಲಿ ನಾವೆಲ್ಲ ಸೇರಿ ಒಂದು ಜಗಳ ಮಾಡಿದೆವು, ಗೆದ್ದೆವು. ಏನನ್ನು ಗೆದ್ದೆವೆಂಬುದೊಂದು ಮಾತ್ರ ನನಗೆ ಈಗಲೂ ಸರಿಯಾಗಿ ತಿಳಿದಿಲ್ಲ.

ಗೊಂಬಿ ತೋಟ ಬಹಳ ದೊಡ್ಡದೇನಲ್ಲ. ಒಂದು ದೋಣಿಕೊಳ, ಮಕ್ಕಳಿಗೆ ಜಾರುಬಂಡಿ, ತಿರುಗುವ ಕುದುರೆ, ತಗಡಿನ ಸೂರಿನ ಕ್ಯಾಂಟೀನು. ಆದರೆ ಹಾನಗಲ್ಲು, ಸವಣೂರು, ಹಿರೇಕೆರೂರು ಕಡೆಯ ಮಂದಿ ಅಲ್ಲಿಗೆ ಬರುತ್ತಿದ್ದದ್ದು ಇವುಗಳಿಗಲ್ಲ, ನಿಬ್ಬಣದ ಗಾಡಿಗೆ. ದಿಬ್ಬಣಕ್ಕೆ ನಮ್ಮ ಕಡೆ ನಿಬ್ಬಣವೆನ್ನುತ್ತೇವೆ. ಹಳಿಯ ಮೇಲೆ ಓಡುವ ಪುಟ್ಟ ಗಾಡಿಗಳು, ಎತ್ತಿನ ಬಂಡಿಯ ಆಕಾರದವು. ಅದರಲ್ಲಿ ಕುಳಿತರೆ ಅದು ನಮ್ಮನ್ನು ಒಂದು ಕತ್ತಲ ಶೆಡ್ಡಿನೊಳಗೆ ಕರೆದೊಯ್ಯುತ್ತದೆ. ಎರಡೂ ಬದಿಗೆ ಸಿಮೆಂಟಿನ ಆಳೆತ್ತರದ ಗೊಂಬೆಗಳು. ಇಲ್ಲಿ ಅರಿಶಿಣ ಹಚ್ಚುವವರು, ಅಲ್ಲಿ ಹುಗ್ಗಿಯ ಹಂಡೆಯಲ್ಲಿ ಸೌಟು ತಿರುವುವವರು, ಮೂಲೆಯಲ್ಲಿ ಎಲೆಅಡಿಕೆ ಮೆಲ್ಲುತ್ತ ಹುಡುಗಿಯ ಕಡೆಯವರನ್ನು ಬೈಯುವ ಮುದುಕರು. ಕೊನೆಗೆ ಗಂಡಿನ ಮನೆಯ ಬಾಗಿಲು. ಅಲ್ಲಿ ಗಂಡಿನ ಅಕ್ಕತಂಗಿಯರು, ಎರಡು ಗೊಂಬೆಗಳು, ಕೈ ಚಾಚಿ ಬಾಗಿಲು ತಡೆದು ನಿಂತಿರುತ್ತಿದ್ದರು. ಗಾಡಿ ಗಕ್ಕನೆ ನಿಲ್ಲುತ್ತಿತ್ತು. ಒಳಗಿಂದ ಒಂದು ಹೆಣ್ಣು ದನಿ:

“ಯಾರದು ನಿಬ್ಬಣ? ಬಾಗಿಲ ಬಿಡಬೇಕಂದ್ರ ಹೆಸರ ಹೇಳ್ರಿ!”

ಮದುವೆಯಾದವರಿಗೆ ಗೊತ್ತು. ಸುಮ್ಮನೆ ಹೆಸರು ಹೇಳಿದರೆ ನಡೆಯದು, ಒಡಪು ಕಟ್ಟಿ, ಪ್ರಾಸ ಹೊಂದಿಸಿ, ಅದರೊಳಗೆ ಗಂಡನ ಹೆಸರೋ ಹೆಂಡತಿಯ ಹೆಸರೋ ಬರಬೇಕು. ಹೇಳುವ ತನಕ ಗಾಡಿ ಅಲ್ಲಾಡುತ್ತಿರಲಿಲ್ಲ. ಹಿಂದಿನ ಗಾಡಿಯವರು ಕೂಗುತ್ತಿದ್ದರು, ಮಕ್ಕಳು ನಗುತ್ತಿದ್ದರು, ಹೊಸ ಮದುಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಹೊರಗೆ ಗಂಡನನ್ನು ‘ರೀ’ ಎಂಬ ಒಂದಕ್ಷರದಲ್ಲೇ ಮುಗಿಸುವ ಹೆಂಗಸರು ಈ ಕತ್ತಲಲ್ಲಿ ಬಾಯ್ತುಂಬ ಹೆಸರು ಹೇಳುತ್ತಿದ್ದರು. ನಾನೂ ಹಾಗೆಯೇ. ನನ್ನ ಮದುವೆಯ ದಿನ ಬಾಗಿಲಲ್ಲಿ ಬಾಯಿ ಕಟ್ಟಿಹೋಗಿ ನನ್ನ ಅಕ್ಕನೇ ನನ್ನ ಪರವಾಗಿ ಹೇಳಿದ್ದಳು. ಗಾಡಿ ಶುರುವಾದ ವರ್ಷ ಇಲ್ಲಿಗೆ ಬಂದಾಗ ಮೊದಲ ಬಾರಿ ನಾನಾಗಿ ಹೇಳಿದೆ: “ಬಂಕಾಪುರದ ಕ್ವಾಟಿ ಮ್ಯಾಲ ನವಿಲಿನ ಸಾಲು, ಮಲ್ಲಿಕಾರ್ಜುನ ಅವರ ಚಾದಾಗ ನಾನ ಹಾಲು.” ನಮ್ಮವರು ಆ ದಿನ ಹಾನಗಲ್ಲು ಮುಟ್ಟುವ ತನಕ ಒಬ್ಬರೇ ನಗುತ್ತಿದ್ದರು.

ಇಷ್ಟೆಲ್ಲ ಮಾಡಿಸುತ್ತಿದ್ದ ಆ ದನಿ ಶಿವಕ್ಕನದು. ಅದು ಟೇಪಿನದೆಂದೇ ನಾನು ಬಹಳ ಕಾಲ ತಿಳಿದಿದ್ದೆ. ಜೀವಂತ ಮನುಷ್ಯಳೊಬ್ಬಳು ಗೋಡೆ ಹಿಂದೆ ಕುಳಿತಿದ್ದಾಳೆಂದು ಗೊತ್ತಾದದ್ದು ಆ ಮಳೆಗಾಲದಲ್ಲಿ.

ನಾನು ಹಾನಗಲ್ಲಿನಲ್ಲಿ ಹೊಲಿಗೆ ಕೆಲಸ ಮಾಡುವವಳು. ನಮ್ಮವರದು ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ಅಂಗಡಿಗೆ ಬಂದಿದ್ದ ತೋಟದ ಮಾಲಕರ ಮಗ ಪ್ರಶಾಂತ, ಗೊಂಬೆಗಳಿಗೆ ಹೊಸ ಸೀರೆ ಉಡಿಸಿ ಕುಪ್ಪಸ ಹೊಲಿದು ಕೊಡುವವರು ಬೇಕೆಂದ. ಮಳೆಗಾಲದಲ್ಲಿ ಮಂದಿ ಕಡಿಮೆ, ದಸರಾ ರಜೆಗೆ ಮುಂಚೆ ಎಲ್ಲ ಹೊಸದಾಗಬೇಕು. ನಾನು ಒಪ್ಪಿಕೊಂಡೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವುದು.

ಸಿಮೆಂಟಿನ ಹೆಂಗಸರಿಗೆ ಸೀರೆ ಉಡಿಸುವುದು ಮಾತಾಡಿದಷ್ಟು ಸುಲಭವಲ್ಲ. ಅವರು ಕೈ ಎತ್ತುವುದಿಲ್ಲ, ಸೊಂಟ ತಿರುಗಿಸುವುದಿಲ್ಲ. ಕುಪ್ಪಸವನ್ನು ಬೆನ್ನ ಕಡೆ ಪೂರ್ತಿ ಬಿಚ್ಚಿ ಹೊಲಿದು, ಹಿಂದಿನಿಂದ ತೊಡಿಸಿ ಹುಕ್ಕು ಹಾಕಬೇಕು. ನೆರಿಗೆ ಸಿಕ್ಕಿಸಲು ಹೊಟ್ಟೆ ಒಳಗೆ ಎಳೆದುಕೊಳ್ಳೆಂದರೆ ಯಾರು ಕೇಳುತ್ತಾರೆ? ಸೊಂಟಕ್ಕೆ ಸುತಳಿ ದಾರ ಕಟ್ಟಿ ಅದಕ್ಕೆ ಸಿಕ್ಕಿಸುತ್ತಿದ್ದೆ. ಬಾಗಿಲು ತಡೆದು ನಿಂತ ಹಿರಿಯಕ್ಕನಿಗೆ “ಬಿಗೀ ಕಟ್ತೇನಿ, ತಡಿಯವಾ” ಎನ್ನುತ್ತ ಮೊಣಕೈಗೆ ದಾರ ಸುತ್ತುತ್ತಿದ್ದಾಗ ಗೋಡೆಯೊಳಗಿಂದ ದನಿ ಬಂತು:

“ಆಕೀಗೆ ಬಿಗೀ ಮಾಡಬ್ಯಾಡವಾ. ಎಷ್ಟ ವರ್ಷದಿಂದ ಕೈ ಚಾಚಿ ನಿಂತಾಳ, ರಟ್ಟಿ ನೋಯತಾವು.”

ನನ್ನ ಕೈಯ ಸೂಜಿ ಬಿದ್ದುಹೋಯಿತು. ಗೋಡೆ ಬಳಸಿ ಹಿಂದೆ ಹೋದರೆ ಒಂದು ಇಕ್ಕಟ್ಟಿನ ಕೋಣೆ. ಒಂದು ಬಲ್ಬು, ಒಂದು ಸ್ಟೂಲು, ಗಾಡಿ ತಡೆಯುವ ಕಬ್ಬಿಣದ ಹ್ಯಾಂಡಲ್ಲು, ಮೈಕು. ಸ್ಟೂಲಿನ ಮೇಲೆ ಐವತ್ತು ದಾಟಿದ ಹೆಂಗಸು, ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಶೇಂಗಾ ಸುಲಿಯುತ್ತಿದ್ದಳು. ಹಿರೇಬೆಂಡಿಗೇರಿಯವಳು. ದಿನಾ ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಟೆಂಪೋ ಹಿಡಿದು ಇಲ್ಲಿಗೆ ಬರುವವಳು. ಆ ದಿನದಿಂದ ನಾವಿಬ್ಬರೂ ಬುತ್ತಿ ಕೂಡಿಯೇ ಬಿಚ್ಚುತ್ತಿದ್ದೆವು.

“ಅಕ್ಕಾ, ಇಲ್ಲಿಂದ ನಿಮಗ ಮಂದಿ ಕಾಣತಾರೇನ್ರಿ?” ಎಂದು ಒಂದು ದಿನ ಕೇಳಿದೆ.

“ಎಲ್ಲಿ ಕಾಣತಾರ? ಗ್ವಾಡಿ ಮುಚ್ಚೇ ಐತಲ್ಲ. ಗೊಂಬೀನ ಮಾತಾಡಿದಂಗ ಅನಸಬೇಕಂತ ಹಿಂಗ ಕಟ್ಯಾರ. ಬರೇ ಕೇಳತೈತಿ. ಇಷ್ಟ ಮಂದಿ ಹೆಸರ ಕೇಳೇನಿ, ಒಬ್ಬರ ಮಾರಿ ನೋಡಿಲ್ಲ ನೋಡು.”

ಕೇಳಿದ್ದನ್ನು ಮಾತ್ರ ಮರೆತಿರಲಿಲ್ಲ. ಸವಣೂರಿನ ಒಬ್ಬಾಕೆಯ ಒಡಪನ್ನು ಎಷ್ಟೋ ಸಲ ಹೇಳಿ ನಗುತ್ತಿದ್ದಳು: “ಸವಣೂರ ಎಲಿಗೆ ಸುಣ್ಣದ ಗೀರು, ಶಾಂತಪ್ಪನವರು ತುಂಬ್ಯಾರ ಕೊಡದಾಗ ನೀರು.” ಗಂಡ ನೀರು ತುಂಬುತ್ತಾನೆಂದು ಮಂದಿಯ ಮುಂದೆ ಹೇಳಿದ ಆ ಹೆಂಗಸನ್ನು ಶಿವಕ್ಕ ಗಾಡಿ ಬಿಡದೆ ಮೂರ್ನಾಲ್ಕು ಸಲ ಹೇಳಿಸಿದ್ದಳಂತೆ. “‘ಜೋರ ಹೇಳ್ರಿ, ನನಗ ಕೇಳಾವಲ್ದು’ ಅಂತೇನಿ. ಕೇಳಿರತೈತಿ. ಛಲೋ ಅನಿಸಿದ್ದನ್ನ ಇನ್ನೊಮ್ಮೆ ಕೇಳಬೇಕಂದ್ರ ನನಗ ಬ್ಯಾರೆ ಏನ ದಾರಿ ಐತಿ?”

“ನಿಮ್ಮ ಒಡಪ ಯಾವುದ್ರಿ ಅಕ್ಕಾ?”

“ನನಗ ಯಾರ ಬಾಗಲಾ ತಡದಾರವಾ? ನಮ್ಮನಿಯವ್ರಿಗೆ ಅಕ್ಕತಂಗೇರs ಇರಲಿಲ್ಲ. ಬಾಗಲಾ ಹಾರ ಹೊಡದಿತ್ತು, ಒಳಗ ಹ್ವಾದೆ.” ಹೇಳಿ, ಸಿಪ್ಪೆ ಊದಿದಳು.

ಆಷಾಢದ ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ತೋಟದ ಕಮಾನಿಗೆ ಬ್ಯಾನರು ಏರಿತ್ತು. ದೊಡ್ಡ ನೀಲಿ ಅಕ್ಷರ: ‘ದಸರಾಕ್ಕೆ ನಿಬ್ಬಣದ ಗಾಡಿಗೆ ಹೊಸ ಟೀಮ್! ಹೊಸ ಅನುಭವ!’

ಅಸಲಿಗೆ ಅದು ಥೀಮ್ ಆಗಬೇಕಿತ್ತು. ಮದುವೆ ಮನೆಯನ್ನು ತೆಗೆದು ಒಳಗೆಲ್ಲ ಹಿಮದ ಲೋಕ ಮಾಡುವುದು, ನನಗೆ ಸೀರೆಯ ಕೆಲಸ ಒಪ್ಪಿಸಿದ ಮೇಲೆ ಪ್ರಶಾಂತನಿಗೆ ಹೊಳೆದ ಯೋಜನೆ. ಬಿಳಿ ಗುಡ್ಡ, ತಣ್ಣನೆ ಗಾಳಿ, ಕರಡಿ, ಪೆಂಗ್ವಿನ್. ಬ್ಯಾನರಿನ ಅಂಗಡಿಗೆ ಅವನು ಫೋನಿನಲ್ಲಿ ಹೇಳಿದ್ದ. ಆ ಕಡೆಯವನು ತನಗೆ ಗೊತ್ತಿದ್ದ ಶಬ್ದ ಬರೆದ. ನಮ್ಮ ಬಾಯಲ್ಲಿ ಎರಡೂ ಒಂದೇ ತಾನೆ? ಟೀಮ್ ಅಂದರೆ ಕ್ರಿಕೆಟ್ಟಿನದು, ಕೆಲಸದವರದು. ಥೀಮೆನ್ನುವ ಶಬ್ದ ನಾನೂ ಮೊದಲು ಕೇಳಿದ್ದು ಆ ವಾರವೇ.

ಅದನ್ನು ಓದಿ ಮೊದಲು ಗಾಬರಿಯಾದವನು ಕ್ಯಾಂಟೀನಿನ ಅಡಿಗೆಯವ, ಆಮೇಲೆ ದೋಣಿ ನಡೆಸುವವ. ಮಧ್ಯಾಹ್ನದ ಹೊತ್ತಿಗೆ ಇಡೀ ತೋಟದ ಕೆಲಸದವರನ್ನು ಬಿಡಿಸಿ ಹುಬ್ಬಳ್ಳಿಯಿಂದ ಹೊಸ ಟೀಮ್ ತರುತ್ತಾರೆಂಬ ಸುದ್ದಿ ಹಾನಗಲ್ಲಿನ ಬಸ್‌ಸ್ಟ್ಯಾಂಡ್ ಮುಟ್ಟಿತ್ತು.

ನಿಬ್ಬಣದ ಗಾಡಿಗೆ ಒಂದು ಅಭಿಮಾನಿ ಬಳಗವಿತ್ತು. ವಾಟ್ಸಾಪಿನಲ್ಲಿ. ಕಟ್ಟಿದವನು ಹಿರೇಕೆರೂರಿನ ಈರಪ್ಪ, ಬಸ್ ಕಂಡಕ್ಟರ್. ಅವನ ಒಡಪೂ ಎಲ್ಲರಿಗೂ ಬಾಯಿಪಾಠ: “ಹಾನಗಲ್ಲ ಬಸ್ಸಿಗೆ ಹಿಂದೊಂದು ಏಣಿ, ಸರೋಜಾ ನಮ್ಮ ಮನಿಯ ರಾಣಿ.” ಮೊದಲು ಅಲ್ಲಿ ಬರುತ್ತಿದ್ದದ್ದು ಫೋಟೋ ಮತ್ತು ಸಣ್ಣ ತಕರಾರು. ಹಂಡೆಯ ಮುಂದಿನ ಅಡಿಗೆಯವನ ಸೌಟು ಮೊದಲು ಎಡಗೈಯಲ್ಲಿತ್ತೋ ಬಲಗೈಯಲ್ಲಿತ್ತೋ ಎಂದು ಇಬ್ಬರು ಗೆಳೆಯರು ಮಾತು ಬಿಟ್ಟಿದ್ದರು. ನಾನು ಹಿರಿಯಕ್ಕನಿಗೆ ಹಸಿರಿನ ಬದಲು ಕೆಂಪು ಸೀರೆ ಉಡಿಸಿದ ಫೋಟೋ ಬಿದ್ದಾಗ “ಯಾರ್ರಿ ಅದು ಟೇಲರ್, ತಲಿ ಐತಿಲ್ಲ?” ಎಂದು ಬರೆದಿದ್ದರು. ನಾನೂ ಗುಂಪಿನಲ್ಲಿದ್ದೆ. ಓದಿ ಮರುದಿನ ಹಸಿರು ಉಡಿಸಿದೆ.

ಬ್ಯಾನರಿನ ಮೇಲೆ ಆ ಗುಂಪಿಗೆ ಬೆಂಕಿ ಹತ್ತಿತು. ಪ್ರಶಾಂತ ಒಳಗೆ ಬಂದು “ಅದು ಟೀಮ್ ಅಲ್ರಿ, ಥೀಮ್” ಎಂದು ಬರೆದ. “ಯಾವ ಟೀಮಾದ್ರೂ ನಮಗ ಹಳೇದs ಬೇಕು” ಎಂದ ಈರಪ್ಪ. ಸವಣೂರಿನ ಹಿರೇಮಠ ಮೇಡಂ, ಶಾಲೆಯಲ್ಲಿ ಕನ್ನಡ ಕಲಿಸುವವರು, ಉದ್ದಕ್ಕೆ ಬರೆದರು: ಪೆಂಗ್ವಿನ್ ನಮ್ಮ ನಾಡಿನ ಹಕ್ಕಿಯಲ್ಲ, ಒಡಪು ನಮ್ಮದು. ಅದಕ್ಕೊಬ್ಬ ಹುಡುಗ, “ಮೇಡಂ, ಮದುವಿ ದಿನಾ ಓಣ್ಯಾಗ ನೋಡ್ತೇವ್ರಿ, ಹಿಮಾ ಯಾವಾಗ ನೋಡೋಣ್ರಿ?” ಎಂದ. ಅವನ ಮಾತೂ ಸುಳ್ಳೆನಿಸಲಿಲ್ಲ ನನಗೆ. ಲಗ್ನವಾಗದವರು ಆ ಬಾಗಿಲಲ್ಲಿ ಏನು ಹೇಳಬೇಕೆಂದು ಇನ್ನೊಬ್ಬಳು ಕೇಳಿದಳು, ಅದೂ ಖರೆ. ಒಂದು ಸಂದೇಶ ಓದಿದಾಗ ಆ ಕಡೆ, ಇನ್ನೊಂದು ಓದಿದಾಗ ಈ ಕಡೆ. ಎರಡೂ ಕಡೆಯವರಿಗೆ ಹೆಬ್ಬೆರಳೊತ್ತಿ ಫೋನು ಮಗುಚಿ ಇಡುತ್ತಿದ್ದೆ. ನಮ್ಮವರು ನೋಡಿ, “ನೀ ಏನ್ ಅಂಪೈರ್ ಅದೀ ಏನು?” ಎಂದರು.

ಈ ಗದ್ದಲದಲ್ಲಿ ಯಾರೋ ಒಬ್ಬರು ಕೇಳಿದರು: ಹೊಸ ಟೀಮ್ ಬಂದರೆ ಗೋಡೆ ಹಿಂದಿನ ಅಕ್ಕನ ಗತಿ ಏನು? ಅಲ್ಲಿಗೆ ಸೌಟು, ಸೀರೆ, ಪೆಂಗ್ವಿನ್ ಎಲ್ಲ ಹಿಂದೆ ಬಿದ್ದವು. ‘ಗ್ವಾಡಿ ಹಿಂದಿನ ಅಕ್ಕನ್ನ ಉಳಿಸ್ರಿ’ ಎಂಬುದೇ ಘೋಷಣೆಯಾಯಿತು. ಆಕೆಯ ಹೆಸರು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಫೋನು ಹಿಡಿದುಕೊಂಡು ಹೋಗಿ ಶಿವಕ್ಕನಿಗೆ ಒಂದೊಂದೇ ಓದಿ ಹೇಳಿದೆ. ಆಕೆ ಹಿಗ್ಗಿದಳು. “ಅಯ್ಯ, ನನ್ನ ಸಲುವಾಗಿ ಇಷ್ಟ ಮಂದಿ ಬಡದಾಡಾಕತ್ತಾರಾ?” ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ, “ಆದ್ರ ನನಗ ಟಿಕೆಟ್ ಕೊಡೂ ಕಿಡಕ್ಯಾಗ ಕುಂಡ್ರಸ್ತೇನಿ ಅಂದಾನಲ್ಲವಾ ಪ್ರಶಾಂತಣ್ಣ,” ಎಂದಳು.

ನನಗೆ ಅದು ಹೊಸ ಸುದ್ದಿ. ಹಿಮಲೋಕದಲ್ಲಿ ಗಾಡಿ ತಡೆಯುವವರು ಬೇಡ, ಎಲ್ಲ ತಾನೇ ನಡೆಯುವ ಯಂತ್ರ. ಶಿವಕ್ಕನಿಗೆ ಕಮಾನಿನ ಪಕ್ಕದ ಟಿಕೆಟ್ ಕೋಣೆ. ಅಲ್ಲಿ ಕಿಟಕಿಯಿದೆ, ಬಿಸಿಲು ಬೀಳುತ್ತದೆ, ಹೆದ್ದಾರಿಯಲ್ಲಿ ಹೋಗುವ ಬಸ್ಸುಗಳು ಕಾಣುತ್ತವೆ.

“ನಿಮಗ ಹೋಗಬೇಕಂತ ಐತೇನ್ರಿ?”

“ಹೋಗಬೇಕಂತ ಅಂದ್ರ?” ಆಕೆ ಮೊಣಕಾಲಿನ ಬಟ್ಟೆ ಬಿಚ್ಚಿ ತೋರಿಸಿದಳು. ಗೋಡೆಯ ಹಸಿ ಏರಿ ಕಾಲು ಬಾತಿತ್ತು. “ಕಾಲಿಂದ ಒಂದ ಆತು. ಅದಲ್ಲದ ಪ್ರೇಮಾ, ರೊಟ್ಟಿ ಕೊಟ್ಟಾವ್ರ ಮಾರಿ ನೋಡತೀವಿ, ಉಪ್ಪ ಇಸಗೊಂಡಾವ್ರ ಮಾರಿ ನೋಡತೀವಿ. ನಾ ಗಂಡನ ಹೆಸರ ಹೇಳಿಸಿಕೊಂಡು ಮಾರಿ ನೋಡಲಾರದ ಕಳಸತೇನಿ. ಒಮ್ಮೆ ಬೆಳಕಿನ್ಯಾಗ ಕುಂತು ಬಂದಾವ್ರನ್ನ ನೋಡಬೇಕನಸತೈತಿ.”

“ಹಂಗಾರ ಇವ್ರಿಗೆ ಹೇಳಿಬಿಡೋಣ್ರಿ, ಅಕ್ಕನ್ನ ಉಳಸಬ್ಯಾಡ್ರಿ ಅಂತ.”

“ಛೇ, ಹಂಗ ಹೆಂಗ ಹೇಳತಿ? ಅಷ್ಟ ಪ್ರೀತಿಲೆ ಬರದಾರ.”

ಆ ದಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತವಳಿಗೆ ತಲೆ ಕೆಟ್ಟುಹೋಗಿತ್ತು. ಅಕ್ಕನ ಮೇಲೆ ಪ್ರೀತಿಯಿದ್ದವರು ಅಕ್ಕನನ್ನು ಕತ್ತಲಲ್ಲೇ ಇಡಲು ಹೋರಾಡುತ್ತಿದ್ದರು. ಗಾಡಿಯನ್ನು ಕೆಡಿಸುವವನು ಬೆಳಕಿಗೆ ಕರೆಯುತ್ತಿದ್ದ. ನಾನು? ನನಗೆ ಗಾಡಿಯೂ ಬೇಕು, ಆ ಬಾಗಿಲೂ ಬೇಕು, ಅಕ್ಕನ ಕಾಲಿಗೆ ಬಿಸಿಲೂ ಬೇಕು. ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಮ್ಮವರು ಸಾರು ಬಿಟ್ಟು ಮಜ್ಜಿಗೆ ಕಲಸಿಕೊಂಡರು.

ಶ್ರಾವಣದ ಒಂದು ಭಾನುವಾರ ಬಳಗದವರೆಲ್ಲ ತೋಟಕ್ಕೇ ಬಂದರು, ಮಾತಾಡಿ ಮುಗಿಸಲು. ಮಳೆ ತಗಡನ್ನು ಬಡಿಯುತ್ತಿತ್ತು. ಕ್ಯಾಂಟೀನಿನ ಕೆಳಗೆ ಕುಳಿತವರು ಕೂಗಿಯೇ ಮಾತಾಡಬೇಕಿತ್ತು. ಈರಪ್ಪ ರಟ್ಟಿನ ಮೇಲೆ ಬರೆಸಿಕೊಂಡು ಬಂದಿದ್ದ: ‘ಟೀಮ್ ಬದಲಿ ಬ್ಯಾಡ’. ಕೆಲಸದವರಿಗೆ ಅದು ತಮ್ಮ ಪರವಾಗಿದೆ ಎನಿಸಿತು. ಮೇಡಂ ಅವರಿಗೆ ಮದುವೆ ಮನೆಯ ಪರವಾಗಿದೆ ಎನಿಸಿತು. ಎಲ್ಲರೂ ಅದೇ ರಟ್ಟಿನ ಕೆಳಗೆ ಕುಳಿತರು.

ಶಿವಕ್ಕ ಚಹಾದ ಲೋಟಗಳನ್ನು ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. ಈರಪ್ಪ ಆಕೆಯ ಕೈಯಿಂದಲೇ ಒಂದು ಲೋಟ ತೆಗೆದುಕೊಂಡು, “ಗ್ವಾಡಿ ಹಿಂದಿನ ಅಕ್ಕ ಎಲ್ಲಿ ಅದಾರ್ರಿ? ಕರೀರಲ್ಲಾ,” ಎಂದ. ಆಕೆ ನನ್ನ ಕಡೆ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು ಅಂದಳು:

“ಯಾರದು ನಿಬ್ಬಣ? ಹೆಸರ ಹೇಳ್ರಿ!”

ಸೂರಿನ ಕೆಳಗಿದ್ದವರೆಲ್ಲ ಒಮ್ಮೆಲೇ ತಿರುಗಿದರು. ಆಮೇಲೆ ಚಪ್ಪಾಳೆ, ಶಿಳ್ಳೆ. ಈರಪ್ಪ ಲೋಟ ಕೆಳಗಿಟ್ಟು ಕೈ ಮುಗಿದ. “ಅಕ್ಕಾರ, ಏಣಿ, ರಾಣಿ. ನಾನ ಅವ!”

“ಸರೋಜಾ ಆರಾಮ ಅದಾರೇನ್ರಿ?” ಎಂದಳು ಶಿವಕ್ಕ, ಅವನ ಮುಖವನ್ನು ನೋಡುತ್ತ. ನೋಡಿಯೇ ನೋಡಿದಳು. ಅಷ್ಟು ಹೊತ್ತು ಒಬ್ಬರನ್ನು ಆಕೆ ನೋಡಿದ್ದನ್ನು ನಾನು ಕಂಡಿರಲಿಲ್ಲ.

ಪ್ರಶಾಂತ ಮೇಜಿನ ಹಿಂದೆ ನಿಂತು ಹಿಮಲೋಕದ ಚಿತ್ರಗಳನ್ನು ಬಿಡಿಸಿದ. ಯಾರೂ ನೋಡಲಿಲ್ಲ. “ಟೀಮ್ ಬದಲಿ ಬ್ಯಾಡ, ಬ್ಯಾಡ” ಎಂಬ ಕೂಗು ಮಳೆಯ ಸದ್ದಿಗೆ ಕೂಡಿತು. ಅವನು ಒಮ್ಮೆ “ಥೀಮ್” ಎಂದ, ಇನ್ನೊಮ್ಮೆ “ಥ, ಥ” ಎಂದ. ಕಡೆಗೆ ಬೇಸತ್ತು ಎರಡೂ ಕೈ ಎತ್ತಿದ.

“ಆತ್ರಿ! ಟೀಮ್ ಬದಲಾಗೂದಿಲ್ಲ. ಒಬ್ಬರನ್ನೂ ಅವ್ರ ಜಾಗಾದಿಂದ ಅಳ್ಳಾಡಸೂದಿಲ್ಲ. ಗ್ವಾಡಿ ಹಿಂದಿನ ಅಕ್ಕ ಗ್ವಾಡಿ ಹಿಂದs ಇರತಾರ. ಸಾಕಲ್ಲಾ?”

ಚಪ್ಪಾಳೆಗೆ ತಗಡು ಹಾರಿಹೋಗುತ್ತದೆ ಎನಿಸಿತು. ನಾನು ಎದ್ದು ನಿಂತೆ. ಮಂದಿಯ ಮುಂದೆ ಎಂದೂ ಮಾತಾಡಿದವಳಲ್ಲ.

“ತಡೀರಿ, ಅಕ್ಕನ್ನ ಒಮ್ಮೆ ಕೇಳ್ರಿ. ಅವ್ರಿಗೆ ಕಾಲ ಬ್ಯಾನಿ ಐತಿ. ಟಿಕೆಟ್ ಕಿಡಕ್ಯಾಗ ಕುಂಡ್ರಬೇಕಂತ ಅವ್ರ ಮನಸಿನ್ಯಾಗ ಐತಿ.”

ಮೇಡಂ ಎದ್ದು ಶಿವಕ್ಕನ ಹತ್ತಿರ ಬಂದು ಕೇಳಿದರು: “ಹೌದೇನ್ರಿ ಅಕ್ಕಾರ? ನೀವಿಲ್ಲಂದ್ರ ನಮ್ಮ ಗಾಡಿಗೆ ಏನ್ ಉಳೀತು?” ಅದು ಬೈಗುಳವಲ್ಲ, ಬೇಡಿಕೊಂಡಂತೆಯೇ ಇತ್ತು.

ಶಿವಕ್ಕ ಎಲ್ಲರ ಮುಖಗಳನ್ನೂ ಒಂದು ಸುತ್ತು ನೋಡಿದಳು. “ನೀವ್ ಹೇಳಿದಂಗ ಆಗಲ್ರಿ,” ಎಂದಳು.

ನಾನು ಕುಳಿತುಬಿಟ್ಟೆ. ಎಲ್ಲರೂ ಗಿರಮಿಟ್ಟು ತಿಂದು, ಆಕೆಯ ಜೊತೆ ಫೋಟೋ ತೆಗೆಸಿಕೊಂಡು ಹೋದರು. ಕೊನೆಯ ಲೋಟ ತೊಳೆಯುವಾಗ ಕೇಳಿದೆ, ಸ್ವಲ್ಪ ಬಿರುಸಾಗಿಯೇ: “ಯಾಕ ಹಂಗಂದ್ರಿ?”

“ಅಷ್ಟ ಮಂದಿ ಬೇಕಂದಾಗ ನಾ ಒಬ್ಬಾಕಿ ಬ್ಯಾಡ ಅಂತ ಹೆಂಗ ಅನ್ನಲೆವಾ? ನನ್ನ ಮಾರಿ ನೋಡಿದ್ರು, ಯಾರೂ ಗುರ್ತ ಹಿಡೀಲಿಲ್ಲ. ದನಿಗೆ ಹಿಡದ್ರು. ಕಿಡಕ್ಯಾಗ ಕುಂತ್ರ ನಾ ಯಾರು? ಟಿಕೆಟ್ ಹರದು ಕೊಡಾಕಿ.” ಲೋಟ ಬೋರಲು ಹಾಕಿದಳು. “ಹಂಗಂತ ಕಾಲ ನೋಯೂದು ಬಿಡತೈತೇನು? ಅದೂ ನೋಯತೈತಿ. ನನಗs ತಿಳಿಯಾವಲ್ದು, ನಿನಗೇನ ಹೇಳಲಿ.”

ಇನ್ನು ಗಾಡಿ ಉಳಿಯಿತೆಂದೇ ಎಲ್ಲರೂ ನಂಬಿದ್ದರು. ಭಾದ್ರಪದದಲ್ಲಿ ಲಾರಿ ಬಂದು ಗೊಂಬೆಗಳನ್ನು ಹೇರತೊಡಗಿದಾಗ ಗುಂಪಿನಲ್ಲಿ ಮತ್ತೆ ಗದ್ದಲ. ಪ್ರಶಾಂತ ಶಾಂತವಾಗಿ ಬರೆದ: “ನೀವು ಕೇಳಿದ್ದು ಟೀಮ್. ಟೀಮ್ ಹಂಗs ಐತಿ. ಬದಲಿ ಆಗಾಕತ್ತಿದ್ದು ಥೀಮ್.” ಕೇಳಿದ್ದನ್ನು ಕೊಟ್ಟವನ ಜೊತೆ ಜಗಳ ಹೇಗೆ ಮಾಡುವುದು? ಈರಪ್ಪ ಸಿಟ್ಟಿನಿಂದ ಗುಂಪು ಬಿಟ್ಟ. ತಾನೇ ಕಟ್ಟಿದ ಗುಂಪೆಂದು ನೆನಪಾಗಿ ಸಂಜೆಗೆ ಮತ್ತೆ ಸೇರಿಕೊಂಡ.

ಗೊಂಬೆಗಳ ಸೀರೆ ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂತು. ನಾನೇ ಹಾಕಿದ ಹುಕ್ಕುಗಳನ್ನು ನಾನೇ ತೆಗೆದೆ. ಸೀರೆಯಿಲ್ಲದ ಆ ಹೆಂಗಸರು ಬರೀ ಬೂದು ಸಿಮೆಂಟು. ಕೆಲವರಿಗೆ ಸೊಂಟದ ಕೆಳಗೆ ಕಾಲೇ ಮಾಡಿರಲಿಲ್ಲ, ಬರೀ ಕಂಬ. ಹಿರಿಯಕ್ಕನನ್ನು ನಾಲ್ಕು ಜನ ಎತ್ತಿ ಲಾರಿಗೆ ಏರಿಸಿದರು, ಕೈ ಚಾಚಿಯೇ ಹೋದಳು. ಆಕೆ ಈಗ ಶಿಗ್ಗಾಂವಿ ಕಡೆಯ ಒಂದು ಖಾನಾವಳಿ ಮುಂದೆ ನಿಂತಿದ್ದಾಳೆ, ಊಟಕ್ಕೆ ಗಾಡಿ ನಿಲ್ಲಿಸಿರಿ ಎಂಬಂತೆ. ಬೀಗರ ಮನೆಗೆ ಹೋಗುವಾಗ ಕಂಡಳು. ಯಾರೋ ಪುಣ್ಯಾತ್ಮರು ಹಸಿರು ಬಣ್ಣದ ಸೀರೆಯನ್ನೇ ಬಳಿದಿದ್ದಾರೆ.

ಆ ಮೇಲೆ ನನಗೆ ಅಲ್ಲಿ ಕೆಲಸವಿರಲಿಲ್ಲ. ಹಿಮದಲ್ಲಿ ಯಾರೂ ಸೀರೆ ಉಡುವುದಿಲ್ಲ. ಶಿವಕ್ಕನಿಗೆ ಆಗೀಗ ಫೋನು ಮಾಡಿದರೆ, “ಆರಾಮ ಅದೇನಿ. ಫೋನ್ಯಾಗ ಏನ ಕೇಳತಿ, ಬಂದ ನೋಡು” ಎನ್ನುತ್ತಿದ್ದಳು. ಆರಾಮವೆಂದರೆ ಯಾವ ಆರಾಮ? ಹಿಮಲೋಕದಲ್ಲಿ ಗೋಡೆ ಹಿಂದೆ ಕುಳಿತು ಆಕೆ ಮಾಡುವುದೇನು? ಹೋಗಿ ನೋಡಲು ಹೆದರಿಕೆ. ಅದಕ್ಕೇ ಮಾರಿ ತಿರುವಿ ಕೂರುತ್ತಿದ್ದೆನೇನೋ.

ಬೀಗರ ಮನೆಯಿಂದ ಮರಳುತ್ತ ಈ ಸಲ ಒಳಗೆ ಇಳಿದಾಗ ಟಿಕೆಟ್ ಕಿಟಕಿಯಲ್ಲಿ ನನಗೆ ಗುರುತಿಲ್ಲದ ಒಬ್ಬ ಹುಡುಗಿಯಿದ್ದಳು. ಟಿಕೆಟ್ ಕೊಟ್ಟಳು, ತಲೆ ಎತ್ತಲಿಲ್ಲ. ನಾವಿಬ್ಬರೂ ಗಾಡಿಯಲ್ಲಿ ಕುಳಿತೆವು. ಅದೇ ಎತ್ತಿನ ಬಂಡಿ, ಮೇಲೆ ಬಿಳಿ ಬಣ್ಣ. ನೊಗದ ಆಕಾರ ಹಾಗೇ ಕಾಣುತ್ತಿತ್ತು. ಒಳಗೆ ಥಂಡಿ ಗಾಳಿ, ಹತ್ತಿಯ ಗುಡ್ಡ, ನೀಲಿ ದೀಪ. ಹುಗ್ಗಿಯ ಹಂಡೆಯಿದ್ದಲ್ಲಿ ಕರಡಿಯೊಂದು ಮೀನು ಹಿಡಿದು ನಿಂತಿತ್ತು. ಚೆಂದವಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಹಿಂದಿನ ಗಾಡಿಯ ಮಕ್ಕಳು ಖುಷಿಗೆ ಚೀರುತ್ತಿದ್ದವು.

ಕೊನೆಯ ತಿರುವಿನಲ್ಲಿ ಬಿಳಿ ಬಾಗಿಲು. ಬಾಗಿಲಿಗೆ ಅಡ್ಡವಾಗಿ ಎರಡು ದೊಡ್ಡ ಪೆಂಗ್ವಿನ್‌ಗಳು, ರೆಕ್ಕೆ ಚಾಚಿಕೊಂಡು. ಗಾಡಿ ಗಕ್ಕನೆ ನಿಂತಿತು.

“ಯಾರದು ನಿಬ್ಬಣ? ಬಾಗಿಲ ಬಿಡಬೇಕಂದ್ರ ಹೆಸರ ಹೇಳ್ರಿ!”

ನಮ್ಮವರು ಗೊಳ್ಳೆಂದು ನಕ್ಕರು. “ಪೆಂಗ್ವಿನ್ನಿಗೂ ಒಡಪ ಬೇಕಂತ ನೋಡು!”

ನಾನು ಬಾಯಿ ತೆರೆಯುವಷ್ಟರಲ್ಲಿ ದನಿ ಮತ್ತೆ ಬಂತು. “ಆ ಹಸರ ಸೀರಿ ಉಟ್ಟಾಕಿ ಹೇಳ್ಲಿ. ಬಾಜೂಕ ಕುಂತಾವ್ರು ಹಲ್ಲ ಕಿಸಿಯೂದ ಬಿಟ್ಟು ಸುಮ್ಮನ ಕುಂಡ್ರಲಿ.”

ನಾನು ನನ್ನ ಸೀರೆ ನೋಡಿಕೊಂಡೆ. ಹೌದು, ಹಸಿರು. ಗೋಡೆ ಹಿಂದೆ ಕುಳಿತವಳಿಗೆ ಅದು ಹೇಗೆ ಗೊತ್ತು? ಕಣ್ಣು ಕಿರಿದು ಮಾಡಿ ನೋಡಿದೆ. ಬಲಗಡೆಯ ಪೆಂಗ್ವಿನ್ನಿನ ಬಿಳಿ ಹೊಟ್ಟೆಯಲ್ಲಿ ಒಂದು ಗೇಣಿನಷ್ಟು ಕಿಂಡಿ, ಅದಕ್ಕೆ ತಂತಿಯ ಜಾಳಿಗೆ. ಜಾಳಿಗೆಯ ಹಿಂದೆ ಅರ್ಧ ಮುಖ, ಮೂಗುಬೊಟ್ಟಿನ ಹೊಳಪು.

“ಕಿಂಡಿ ಯಾವಾಗ ಆತ್ರಿ ಅಕ್ಕಾ?”

“ಪೆಂಗ್ವಿನ್ ಮಾಡಾಕ ಬಂದಾವಗ ದಿನಾ ರೊಟ್ಟಿ ಕೊಟ್ಟೆ. ‘ತಮ್ಮಾ, ಇದರ ಹೊಟ್ಟೀಗೆ ಒಂದ ತೂತ ಇಡೋ’ ಅಂದೆ. ಇಟ್ಟ. ಪ್ರಶಾಂತಣ್ಣ ಆಮ್ಯಾಲೆ ನೋಡಿದ, ಏನೂ ಅನಲಿಲ್ಲ. ಈಗ ಎಲ್ಲಾರ್ನೂ ನೋಡತೇನಿ.”

“ಕಾಲು?”

“ಕಾಲ ನೋಯತಾವ. ಹೆಸರ ಹೇಳು, ಹಿಂದ ಗಾಡಿ ಬಂದು ನಿಂತಾವು.”

ಬಂಕಾಪುರದ ಕೋಟೆ, ನವಿಲಿನ ಸಾಲು ಎಲ್ಲ ನಾಲಿಗೆಯ ತುದಿಗೆ ಬಂದಿದ್ದವು. ಆಕೆ ಕಿಂಡಿಗೆ ಇನ್ನಷ್ಟು ಹತ್ತಿರ ಬಂದಳು, ಎರಡೂ ಕಣ್ಣು ಕಂಡವು. ನನ್ನ ಬಾಯಿಂದ ಬಂದದ್ದು ಬೇರೆ:

“ಮಂಜಿನ ಮನಿಯಾಗ ಬೆಳಕಿಗೊಂದು ಕಿಂಡಿ, ಶಿವಕ್ಕ ಹೊಡಿತಾಳ ನಮ್ಮೆಲ್ಲರ ಬಂಡಿ.”

ನಮ್ಮವರು ನಗು ನಿಲ್ಲಿಸಿದರು. ಥಂಡಿ ಗಾಳಿಯ ಯಂತ್ರ ಒಂದೇ ಸಮ ಬೀಸುತ್ತಿತ್ತು. ಹಿಂದಿನ ಗಾಡಿಯವರು “ಬಿಡ್ರೀ!” ಎಂದು ಕೂಗಿದರು. ಹ್ಯಾಂಡಲ್ಲು ಎತ್ತಿದ ಸದ್ದು ಬರಲಿಲ್ಲ.

“ಜೋರ ಹೇಳವಾ,” ಎಂದಿತು ಪೆಂಗ್ವಿನ್ನಿನ ಹೊಟ್ಟೆ. “ನನಗ ಕೇಳಾವಲ್ದು.”